ಊಟ ಆಯ್ತಾ ಎಂದು ಕೇಳಿದ ಹುಡುಕಾಟ

ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಉತ್ತರ ಬರುವುದು ತಡವಾದರೆ ಕಾಲು ತಾನಾಗಿ ಅಲ್ಲಾಡಲು ಶುರುವಾಗುತ್ತದೆ. ಅಂಥವನಿಗೆ ಸಿಕ್ಕ ಕೆಲಸ ನೋಡಿ: ಹಸು ಸಾಕುವವರ ಆ್ಯಪ್ ಒಂದರಲ್ಲಿ ಹುಡುಕಾಟದ ಭಾಗವನ್ನು ನೋಡಿಕೊಳ್ಳುವುದು. ಪಶುವೈದ್ಯರು ಬರೆದ ಸಲಹೆಗಳ ರಾಶಿಯಿಂದ ಬೇಕಾದ ಪುಟವನ್ನು ಅದು ಹೆಕ್ಕಿ ಕೊಡಬೇಕು. ನಮ್ಮ ನಿಯಮ ಬಲು ಬಿಗಿ. ಕೇಳಿದ ಪದಗಳಷ್ಟೂ ಒಂದೇ ಪುಟದಲ್ಲಿದ್ದರೆ ಮಾತ್ರ ಆ ಪುಟ ಬರುತ್ತಿತ್ತು. ಗೊತ್ತಿಲ್ಲದ ಪದ ಬಂದರೆ, ಕಾಗುಣಿತ ತಪ್ಪಿರಬೇಕೆಂದು ಹತ್ತಿರದ ಇನ್ನೊಂದು ಪದ ತೋರಿಸುತ್ತಿತ್ತು. ಆಫೀಸಿನಲ್ಲಿ ಎಲ್ಲರೂ ಎರಡೆರಡು ಪದ ಹಾಕಿ ನೋಡಿ, ಚೆನ್ನಾಗಿದೆ ಎಂದಿದ್ದೆವು.

ಆ ದಿನ ಸೂಲಿಬೆಲೆ ಹತ್ತಿರದ ನಮ್ಮೂರಲ್ಲೇ ಕೂತು ಕೆಲಸ ಮಾಡುತ್ತಿದ್ದೆ. ಡೇರಿಗೆ ಹಾಲು ಹಾಕುವ ಹೊತ್ತಿಗೆ ಪಕ್ಕದ ಮನೆಯಿಂದ ದೊಡ್ಡಮ್ಮ ಕೂಗಿದಳು. ಹಿಂದಿನ ದಿನ ಕರು ಹಾಕಿದ ಹಸು ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು ಮಲಗಿಬಿಟ್ಟಿತ್ತು. ಕಿವಿ ತಣ್ಣಗಾಗಿತ್ತು. ಅನುಗೊಂಡನಹಳ್ಳಿಯಿಂದ ಹೊರಟಿದ್ದೇನೆ ಎಂದ ಡಾಕ್ಟರು ಮತ್ತೆ ಫೋನ್ ಎತ್ತಲಿಲ್ಲ. ಅವಳು ಆಗಲೇ ಬೆಲ್ಲದ ನೀರು ಕಲಸಿ, ದನದ ಬಾಯಿಗೆ ಹೊಯ್ಯುವ ಬಿದಿರಿನ ಗೊಟ್ಟ ತೆಗೆದಿಟ್ಟಿದ್ದಳು.

"ಇರು, ಆ್ಯಪಲ್ಲಿ ಕೇಳು ಮೊದ್ಲು" ಎಂದು ನನ್ನ ಫೋನ್ ಕೊಟ್ಟೆ. ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ.

ದೊಡ್ಡಮ್ಮ ಸೆರಗು ಸರಿಮಾಡಿಕೊಂಡಳು. "ನಮಸ್ಕಾರ ಸ್ವಾಮಿ, ಊಟ ಆಯ್ತಾ? ನಾವು ಕೆರೆ ಕೆಳಗಿನ ಮನೆಯೋರು. ನಮ್ ಹಸು ಕರು ಹಾಕಿ ಮಲಗಿದೆ, ಏಳ್ತಾನೇ ಇಲ್ಲ."

ಏನೂ ಸಿಗಲಿಲ್ಲ. ಕೆಳಗೊಂದು ಸೂಚನೆ ಬಂತು: ನೀವು ಹುಡುಕಿದ್ದು 'ಊಟ ಆಯ್ಕೆ'ಯೇ?

"ಊಟದ ವಿಚಾರನೇ ಹಿಡ್ಕೊಂತಲ್ಲಪ್ಪಾ ಇದು!"

"ನಮಸ್ಕಾರ ಗಿಮಸ್ಕಾರ ಏನೂ ಬೇಡ ದೊಡ್ಡಮ್ಮ. ನೇರವಾಗಿ ಕೇಳು."

"ಮುಖ ಕಂಡಿದ್ದೇ ಕೇಳ್ಬಿಡಕ್ಕಾಗ್ತದಾ? ಹಂಗ್ ಬಂದು ಕೇಳಿದೋರನ್ನ ನಾನೇ ಮಾತಾಡ್ಸಲ್ಲ."

ಎರಡನೇ ಸಲ ಇನ್ನೂ ಮರ್ಯಾದೆಯಿಂದ ಕೇಳಿದಳು. ತಪ್ಪು ತಿಳೀಬೇಡಿ ಅಂದಳು, ನಿಮ್ಮ ಮಕ್ಕಳು ಚೆನ್ನಾಗಿರಲಿ ಅಂದಳು. ಒಂದೊಂದು ಒಳ್ಳೆಯ ಮಾತಿಗೂ ಉತ್ತರ ಇನ್ನಷ್ಟು ದೂರ ಹೋಗುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು. ಅವಳ ಮೇಲಲ್ಲ, ನಮ್ಮ ಹಾಳು ನಿಯಮದ ಮೇಲೆ.

"ಇದಕ್ಕೆ ನಮ್ ಕಷ್ಟ ಗೊತ್ತಾಗಲ್ಲ ಬಿಡು. ಮೂಗುದಾರ ಹಿಡ್ಕೋ ಬಾ" ಎಂದು ಫೋನ್ ನನ್ನ ಕೈಗಿಟ್ಟು ಗೊಟ್ಟ ತುಂಬಿದಳು.

ಒಂದು ಕೈಯಲ್ಲಿ ಮೂಗುದಾರ ಎತ್ತಿ ಹಿಡಿದು, ಇನ್ನೊಂದರ ಹೆಬ್ಬೆರಳಲ್ಲಿ 'ಕರು ಹಸು ಮಲಗಿದೆ' ಎಂದು ಒತ್ತಿದೆ. ಪುಟ ತಟ್ಟನೆ ತೆರೆಯಿತು. ಮೊದಲ ಸಾಲು: ಏಳಲಾಗದ ಹಸುವಿನ ಬಾಯಿಗೆ ಏನನ್ನೂ ಹೊಯ್ಯಬೇಡಿ, ಶ್ವಾಸಕೋಶಕ್ಕಿಳಿದು ಸಾಯಬಹುದು.

ಗೊಟ್ಟ ಹಸುವಿನ ತುಟಿ ಮುಟ್ಟಿತ್ತು. ಕೈ ಬೀಸಿ ಗೊಟ್ಟಕ್ಕೆ ಹೊಡೆದೆ. ಬೆಲ್ಲದ ನೀರು ಅವಳ ಸೀರೆ ಮೇಲೆ ಚೆಲ್ಲಿತು. ಕಣ್ಣು ಕೆಂಪಗೆ ಮಾಡಿಕೊಂಡವಳಿಗೆ ಆ ಸಾಲು ಓದಿ ಹೇಳಿದೆ. ಆಮೇಲೆ ಇಬ್ಬರೂ ಸೇರಿ, ಹಸು ಪಕ್ಕಕ್ಕೆ ಉರುಳದಂತೆ ಬೂಸಾ ಮೂಟೆ ಒರಗಿಸಿದೆವು.

ಡಾಕ್ಟರು ಬಂದು, ಕರು ಹಾಕಿದ ಮೇಲೆ ಕ್ಯಾಲ್ಸಿಯಂ ಇಳಿದಿದೆ ಎಂದು ಕತ್ತಿನ ನರಕ್ಕೆ ಅದನ್ನು ಏರಿಸಿದರು. ಸ್ವಲ್ಪ ಹೊತ್ತಿಗೆ ಹಸು ತೇಗಿತು, ಮೈ ನಡುಗಿಸಿತು, ಎದ್ದು ನಿಂತು ಕರುವನ್ನು ಮೂಸಿತು.

ದೊಡ್ಡಮ್ಮ ಅದರ ಬೆನ್ನಿಗೆ ಹಣೆ ಒತ್ತಿ, "ನನ್ ಕೈಯಾರೆ ಸಾಯಿಸ್ತಿದ್ನಲ್ಲಪ್ಪಾ" ಎಂದು ಅತ್ತಳು.

ಡಾಕ್ಟರು ಕೈ ತೊಳೆಯಲು ನೀರು ಕೇಳಿದರು. ತಂದುಕೊಡಬೇಕೆಂದುಕೊಂಡೆ. ಕೂತಲ್ಲಿಂದ ಏಳಲು ನನಗಾಗಲಿಲ್ಲ.