ಎರವಲು ಗುಳಿಗೆ

ನಮ್ಮ ಮಗ್ಗದ ಎದುರಿನ ಗೋಡೆಯ ಮೇಲೆ, ನಾನೇ ಸ್ಕೇಲು ಹಿಡಿದು ಗೆರೆ ಎಳೆದ ಪಟ್ಟಿಯೊಂದನ್ನು ಅಂಟಿಸಿದ್ದೆ. ಅವ್ವನ ಹೃದಯದ ಗುಳಿಗೆಗಳ ಹೋಲಿಕೆ ಅದು. ಅದನ್ನು ಪೂರ್ತಿ ಓದಿದವಳು ನಾನೊಬ್ಬಳೇ ಎಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯೇನಿಲ್ಲ. ಅವ್ವನಿಗೆ ಅದರಿಂದ ಆದ ಉಪಯೋಗವೆಂದರೆ, ಅದರ ಮೂಲೆಯಲ್ಲಿ ಸೂಜಿ ಚುಚ್ಚಿಡುವುದು.

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಮನೆಯ ಮಾತನ್ನು ಹೊರಗೆ ಆಡುವ ರೂಢಿ ನನಗಿಲ್ಲ. ಇದನ್ನು ಅವ್ವನನ್ನು ಕೇಳಿಯೇ ಬರೆಯುತ್ತಿದ್ದೇನೆ. ಏಳು ತಿಂಗಳ ಹಿಂದೆ ಎದೆ ಹಿಡಿದುಕೊಂಡು ಕುಸಿದವಳನ್ನು ಇಳಕಲ್ಲಿನಿಂದ ಬಾಗಲಕೋಟೆಗೆ ಒಯ್ದೆವು. ಸ್ಟೆಂಟ್ ಹಾಕಿದರು. ಅಂದಿನಿಂದ ಬೆಳಿಗ್ಗೆ ಒಂದು ಆಸ್ಪಿರಿನ್, ಬೆಳಿಗ್ಗೆ ಸಂಜೆ ಒಂದೊಂದು ಟಿಕಾಗ್ರೆಲಾರ್. ತಾವಾಗಿಯೇ ಬಿಟ್ಟರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿ ಜೀವಕ್ಕೇ ಅಪಾಯ ಬರಬಹುದೆಂದು ಡಾಕ್ಟರು ಬೆರಳೆತ್ತಿ ಹೇಳಿದ್ದರು.

ಇದರ ಒಳಗುಟ್ಟು ನೇಕಾರರಿಗೆ ಬೇಗ ತಿಳಿಯುತ್ತದೆ. ರಕ್ತದಲ್ಲಿರುವ ಪ್ಲೇಟ್‌ಲೆಟ್‌ಗಳು ಹರಿದ ಬಟ್ಟೆಗೆ ರಫು ಮಾಡುವವರಿದ್ದಂತೆ. ಎಲ್ಲಿ ಹರಿಯಿತೋ ಅಲ್ಲಿಗೆ ಓಡಿಬಂದು ಗಂಟು ಹಾಕುತ್ತವೆ. ಪಾಪ, ಅವುಗಳಿಗೆ ಸ್ಟೆಂಟ್ ಕೂಡ ಹರಿದ ಜಾಗದಂತೆಯೇ ಕಾಣುತ್ತದೆ. ಬೇಡದ ಕಡೆ ರಫು ಮಾಡಿ ದಾರಿಯನ್ನೇ ಮುಚ್ಚಿಬಿಡುತ್ತವೆ. ಆಸ್ಪಿರಿನ್ ಅವುಗಳ ಒಂದು ಕೈ ಹಿಡಿಯುತ್ತದೆ, ಜೊತೆಯ ಗುಳಿಗೆ ಇನ್ನೊಂದು ಕೈ. ಈ ಜೊತೆಗಾರರಲ್ಲೂ ಬಗೆಗಳಿವೆ. ಕ್ಲೊಪಿಡೊಗ್ರೆಲ್ ನಿಧಾನಿ, ಯಕೃತ್ತಿನಲ್ಲಿ ರೂಪ ಬದಲಿಸಿಕೊಂಡ ಮೇಲೆಯೇ ಕೆಲಸಕ್ಕೆ ಇಳಿಯುತ್ತದೆ, ಕೆಲವರ ಮೈಯಲ್ಲಿ ಆ ಬದಲಾವಣೆ ಸರಿಯಾಗಿ ಆಗುವುದೇ ಇಲ್ಲ. ಟಿಕಾಗ್ರೆಲಾರ್ ಸೀದಾ ಬಂದು ಬಿಗಿಯಾಗಿ ಹಿಡಿಯುತ್ತದೆ. ಆದರೆ ದಿನಕ್ಕೆ ಎರಡು ಸಲ ಬೇಕು, ರಕ್ತ ಸೋರುವುದು ಹೆಚ್ಚು, ಕೆಲವರಿಗೆ ಉಸಿರು ಸಾಲದಂತಾಗುತ್ತದೆ. ಇಷ್ಟೆಲ್ಲ ನನ್ನ ಪಟ್ಟಿಯಲ್ಲಿತ್ತು. ಅವ್ವನ ಬೆರಳು ಮಾತ್ರ ಇರಲಿಲ್ಲ.

ಕಡಿದ ಎಳೆಗೆ ಗಂಟು ಹಾಕಿ ಬ್ಲೇಡಿನಿಂದ ತುದಿ ತೆಗೆಯುವಾಗ ಬೆರಳು ಕೊಯ್ದುಕೊಳ್ಳುವುದು ಮಗ್ಗದವರಿಗೆ ಸುದ್ದಿಯೇ ಅಲ್ಲ. ಮೊದಲೆಲ್ಲ ಬಾಯಲ್ಲಿಟ್ಟರೆ ನಿಲ್ಲುತ್ತಿದ್ದ ರಕ್ತ ಈಗ ಅರ್ಧ ತಾಸು ಹನಿಯುತ್ತಿತ್ತು. ಒಂದು ಹನಿ, ನೇಯುತ್ತಿದ್ದ ಸೀರೆಯ ಸೆರಗಿನ ಬಿಳಿ ತೆನೆ ಚಿತ್ತಾರದ ಮೇಲೆ ಬಿತ್ತು. ಎರಡು ಬೆರಳು ಆಚೆ, ಕೆಂಪಿನ ಮೇಲೆ ಬಿದ್ದಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ. ಅಂಗಡಿಯವರು ಕಲೆ ಕಂಡು ಬೇಡವೆಂದರು, ಸೀರೆ ತಿರುಗಿ ಮನೆಗೆ ಬಂತು. ಹುನಗುಂದದ ಚಿಗವ್ವ ಫೋನಿನಲ್ಲಿಯೇ ತೀರ್ಪು ಕೊಟ್ಟಳು: ಗುಳಿಗೆ ಬಿಡು, ಇಲ್ಲವೇ ಮಗ್ಗ ಬಿಡು. ಓಣಿಯೂ ಅದನ್ನೇ ಹೇಳಿತು. ಪಕ್ಕದ ಮನೆಯ ಮೆಹಬೂಬ ಕಾಕಾನಿಗೂ ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ಅವರಿಗೆ ಮಗ್ಗ ಬಿಡು ಎಂದು ಯಾರೂ ಹೇಳಿದ್ದು ನನಗೆ ನೆನಪಿಲ್ಲ. ಈ ಮಾತನ್ನು ನಾನು ಚಿಗವ್ವನಿಗೆ ಹೇಳಿಯೂ ಬಿಟ್ಟೆ. ಅವ್ವ ಮಾತ್ರ ಬಿಡುವಾದಾಗಲೆಲ್ಲ ಕಾಕಾನ ಮಗ್ಗದ ಹತ್ತಿರ ಹೋಗಿ ಕೂರತೊಡಗಿದಳು. ಆಗಲೇ ನಾನು ಹೆದರಬೇಕಿತ್ತು.

ನಮ್ಮ ಓಣಿಯಲ್ಲಿ ನೂಲು ತೀರಿದರೆ ಪಕ್ಕದ ಮಗ್ಗದಿಂದ ಎರವಲು ತರುತ್ತಾರೆ. ತಂದದ್ದನ್ನು ಹಾಗೇ ಹಾಕುವುದಿಲ್ಲ. ಹೊಸ್ತಿಲಿಗೆ ಬಂದು, ತಮ್ಮ ಎಳೆಯ ಜೊತೆ ಹೊಸೆದು, ಬೆಳಕಿಗೆ ಹಿಡಿದು ನೋಡುತ್ತಾರೆ. ಬೇರೆ ಸಲ ಬಣ್ಣಕ್ಕೆ ಹಾಕಿದ ಕೆಂಪು, ಕೈಯಲ್ಲಿ ಒಂದೇ ಕಂಡರೂ ಸೀರೆಯಲ್ಲಿ ಗೆರೆಯಾಗಿ ನಿಲ್ಲುತ್ತದೆ.

ಒಂದು ಮುಂಜಾನೆ ಕಾಕಾ ನಮ್ಮ ಕಟ್ಟೆಯ ಮೇಲೆ ಏದುಸಿರು ಬಿಡುತ್ತ ಕೂತರು. "ನಿಮ್ಮವ್ವನ ಗುಳಿಗಿ ಭಾಳ ಜೋರ್ ಅದಾವ ನೋಡವಾ. ಸುಮ್ನ ಕುಂತ್ರೂ ದಮ್ ಹತ್ತತೈತಿ," ಎಂದರು.

ಅವ್ವನ ಗುಳಿಗೆ ಇವರ ಹೊಟ್ಟೆಗೆ ಹೋದದ್ದು ಹೇಗೆಂದು ವಿಚಾರಿಸಿದೆ. ಕಾಕಾ ನುಂಗುವುದು ಕ್ಲೊಪಿಡೊಗ್ರೆಲ್, ದಿನಕ್ಕೆ ಒಂದೇ. ಅವರ ಬೆರಳು ಹಾಗೆ ಸೋರುವುದಿಲ್ಲ. ಅದನ್ನು ಕಂಡ ಅವ್ವ, ನಾಲ್ಕು ದಿನದ ಹಿಂದೆ ತನ್ನ ಗುಳಿಗೆಯದೊಂದು ಸ್ಟ್ರಿಪ್ಪು ಕೊಟ್ಟು ಅವರದೊಂದು ಸ್ಟ್ರಿಪ್ಪು ತಂದಿದ್ದಾಳೆ. ಜೋರಿನ ಗುಳಿಗೆ ಒಳ್ಳೆಯದಿದ್ದೀತು ಎಂದು ಕಾಕಾನಿಗೂ ಆಸೆ.

"ಎರಡೂ ರಕ್ತ ತೆಳು ಮಾಡೂವ ಅಲ್ಲೇನ?" ಎಂದಳು ಅವ್ವ, ಲಾಳಿ ನಿಲ್ಲಿಸದೆ.

ಕಲಿತ ರಸಾಯನಶಾಸ್ತ್ರವೆಲ್ಲ ಆ ಗಳಿಗೆಯಲ್ಲಿ ಕೈಕೊಟ್ಟಿತು. ಬಾಯಿಗೆ ಬಂದದ್ದು ಓಣಿಯ ಮಾತೇ. "ಕಾಕಾನ ನೂಲಾಗಿದ್ರ ಬೆಳಕಿಗೆ ಹಿಡಿದು ನೋಡತಿದ್ದಿ. ಗುಳಿಗಿ ಯಾವ ಬೆಳಕಿಗೆ ಹಿಡದಿ?"

ಮಗ್ಗ ನಿಂತಿತು. ಅವ್ವ ತನ್ನ ಬೆರಳು ನೋಡಿಕೊಂಡಳು.

"ಹಂಗಾದ್ರ ಬೆಳಕಿಗೆ ಹಿಡಿಯಾವ್ರ ಕಡೆ ನಡಿ," ಎಂದು ಎದ್ದಳು.

ಉಟ್ಟುಕೊಂಡದ್ದು ಅದೇ ಕಲೆಯ ಸೀರೆ. ಬೇರೆ ಉಡು ಎಂದೆ, ಕೇಳಲಿಲ್ಲ. ಕಾಕಾನನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಬಾಗಲಕೋಟೆಗೆ ಹೋದೆವು. ಡಾಕ್ಟರ ಮೇಜಿನ ಮೇಲೆ ಅವ್ವ ಸೆರಗು ಹರಡಿ ಆ ಕಂದು ಚುಕ್ಕೆ ತೋರಿಸಿದಳು. "ಮಗ್ಗಾನೂ ಬಿಡಾಂಗಿಲ್ರಿ, ಗುಳಿಗಿನೂ ಬಿಡಾಂಗಿಲ್ಲ. ಮೂರನೇದು ಏನರ ಇದ್ರ ಹೇಳ್ರಿ."

ಡಾಕ್ಟರು ಮೊದಲು ಇಬ್ಬರನ್ನೂ ಚೆನ್ನಾಗಿ ಬೈದರು. ಇ.ಸಿ.ಜಿ. ತೆಗೆಸಿದರು, ಹಳೆಯ ಕಾಗದ ತಿರುವಿದರು, ಬೆರಳು ನೋಡಿದರು. ಕಾಕಾನಿಗೆ ಅವರ ಹಳೆಯ ಗುಳಿಗೆಯೇ ಗತಿಯಾಯಿತು. ಸ್ಟೆಂಟ್ ಹಾಕಿದ ಮೊದಲ ಕೆಲವು ತಿಂಗಳು ದಾಟಿದ್ದರಿಂದ ಅವ್ವನಿಗೆ ಇನ್ನು ಕ್ಲೊಪಿಡೊಗ್ರೆಲ್ ನಡೆದೀತು ಎಂದರು; ಬದಲಿಸುವಾಗ ಮೊದಲ ದಿನ ಎಷ್ಟು, ಯಾವ ಹೊತ್ತಿಗೆ ಎಂಬುದಕ್ಕೂ ಕ್ರಮವಿದೆ ಎಂದು ಬರೆದುಕೊಟ್ಟರು. ಅವ್ವ ನನ್ನತ್ತ ಗೆದ್ದವಳ ಹಾಗೆ ನೋಡಿದಳು. ಅದನ್ನು ಕಂಡ ಡಾಕ್ಟರು, ಆ ನಾಲ್ಕು ದಿನ ಉಳಿದದ್ದು ನಿಮ್ಮ ಜಾಣತನದಿಂದಲ್ಲ, ದೈವದಿಂದ ಎಂದರು. ಗೆಲುವು ಅರ್ಧಕ್ಕೆ ಇಳಿಯಿತು.

ಮಗ್ಗ ನಡೆದಿದೆ. ಬೆರಳಿಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡೇ ಕೂರುತ್ತಾಳೆ. ಕೊನೆಗೆ ಯಾವುದನ್ನು ಬಿಟ್ಟಿರಿ ಎಂದು ಚಿಗವ್ವ ಕೇಳಿದಾಗ, ನಿನ್ನ ಮಾತನ್ನು ಎಂದು ಹೇಳಿ ಫೋನಿಟ್ಟೆ. ಇಷ್ಟು ಒರಟಾಗಿ ನಾನು ಯಾರೊಂದಿಗೂ ಮಾತಾಡಿದವಳಲ್ಲ; ಮತ್ತೆ ಕೇಳಿದರೆ ಮತ್ತೆ ಹೇಳುತ್ತೇನೆ.

ಮೊನ್ನೆ ಪಟ್ಟಿಯನ್ನು ಕಿತ್ತು ಹೊಸದು ಬರೆದೆ. ರೋಗಿ ಕೈಯಿಂದ ಮಾಡುವ ಕೆಲಸವೇನು ಎಂಬ ಅಂಕಣವೊಂದನ್ನು ಅದರಲ್ಲಿ ಸೇರಿಸಿದೆ. ಅವ್ವ ಅದನ್ನು ಇಸಿದುಕೊಂಡು ಹೊಸ್ತಿಲಿಗೆ ಹೋದಳು. ಬೆಳಕಿಗೆ ಹಿಡಿದು ಒಂದೊಂದೇ ಸಾಲು ಓದಿದಳು. ಆಮೇಲೆ ತಾನೇ ಅಂಟಿಸಿ, ಮೂಲೆಯಲ್ಲಿ ಸೂಜಿ ಚುಚ್ಚಿದಳು.