ಡ್ರಮ್ಮಿನ ಮುಂದೆ ಮಾತಾಡಬಾರದು

ಅವರ ಎಡಗಡೆಯ ಹುಬ್ಬು ಅರ್ಧಕ್ಕೇ ನಿಂತುಹೋಗಿತ್ತು. ಉಳಿದರ್ಧವನ್ನು ಕಾಫಿ ಹುರಿಯುವ ಡ್ರಮ್ಮಿನ ಬಿಸಿ ಎಂದೋ ತಿಂದುಹಾಕಿತ್ತು. ಆ ಜಾಗದಲ್ಲಿ ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಹೊಸಬರು ಯಾರಾದರೂ ಅದನ್ನೇ ನೋಡಿದರೆ, "ಮಾತು ಕೇಳ್ಲಿಲ್ಲ ಅಂತ ಹೆಂಡ್ತಿ ಕಿತ್ತಾಕ್ಬುಟ್ಳು ಕಣ್ರೀ" ಎನ್ನುತ್ತಿದ್ದರು. ಹೇಳಿ ನಗುತ್ತಿರಲಿಲ್ಲ, ನಗುವ ಕೆಲಸ ನಮಗೆ ಬಿಡುತ್ತಿದ್ದರು.

ಆಲೂರಿನ ಹೊರಗೆ, ರಸ್ತೆ ಬದಿಯ ಶೀಟಿನ ಶೆಡ್ಡಿನಲ್ಲಿ ನಮ್ಮ ಕಾಫಿಪುಡಿ ಕಂಪನಿ. ಕಂಪನಿ ಅಂದರೆ ಎಲ್ಲ ಸೇರಿ ಹನ್ನೊಂದು ಜನ. ನಾನು ಪ್ಯಾಕಿಂಗ್, ಲೇಬಲ್, ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಅವರು ಬೀಜ ಹುರಿಯುತ್ತಿದ್ದರು. ಅರವತ್ತು ದಾಟಿದ್ದರೂ ಎಲ್ಲರ ಬಾಯಲ್ಲೂ ಅವರು ರೋಸ್ಟರ್ ಅಣ್ಣನೇ.

ಅವರ ವಿದ್ಯೆಯೆಲ್ಲ ಮೂಗಿನಲ್ಲಿತ್ತು. ಬೀಜ ಡ್ರಮ್ಮಿನೊಳಗೆ ಚಟಚಟ ಸಿಡಿಯಲು ಶುರುವಾದರೆ ಉದ್ದ ಹಿಡಿಯ ಚಮಚದಲ್ಲಿ ನಾಲ್ಕು ಕಾಳು ತೆಗೆದು ಮೂಸುತ್ತಿದ್ದರು. ಬಣ್ಣ ನೋಡುತ್ತಿದ್ದುದು ಆಮೇಲೆ. ಹದ ಬಂದದ್ದೇ ತಡ, ಡ್ರಮ್ಮಿನ ಹಿಡಿ ಎಳೆದು ಬೀಜವನ್ನು ಆರಲು ಸುರಿಯುತ್ತಿದ್ದರು. ಅರ್ಧ ನಿಮಿಷ ಹಿಂದುಮುಂದಾದರೂ ಕೆಟ್ಟಿತು ಅಂತಲೇ ಲೆಕ್ಕ. ಮಧ್ಯಾಹ್ನ ನನ್ನ ಊಟದ ಡಬ್ಬಿಯನ್ನು ತೆಗೆಯುವ ಮೊದಲೇ ಮೂಸಿ, "ಅತ್ತಿಗೆ ಇವತ್ತು ಸಿಟ್ನಲ್ಲವ್ರೆ, ಒಗ್ಗರಣೆ ಸೀಸವ್ರೆ" ಎಂದುಬಿಡುತ್ತಿದ್ದರು. ಅದು ಸುಳ್ಳಾದದ್ದು ನನಗೆ ನೆನಪಿಲ್ಲ.

ಅತ್ತಿಗೆಯ ಸಂಗತಿ ಹೇಳಲೇಬೇಕು. ಗಂಡನ ಮನೆ ಬಿಟ್ಟು, ಮಗಳನ್ನು ಕಟ್ಟಿಕೊಂಡು ನಾನು ಮಗ್ಗೆಯಲ್ಲಿ ಒಡಹುಟ್ಟಿದ ಅಣ್ಣನ ಮನೆ ಸೇರಿದ್ದೆ. ಬೆಳಿಗ್ಗೆ ಬಸ್ಸು ಹತ್ತಿ ಕೆಲಸಕ್ಕೆ ಹೋಗುತ್ತಿದ್ದೆ ಎಂಬ ಒಂದೇ ಕಾರಣಕ್ಕೆ ಅಲ್ಲಿ ನಮಗೊಂದು ಕೋಣೆ ಇತ್ತು. ಕೆಲಸ ಹೋದರೆ ಕೋಣೆಯೂ ಹೋಗುತ್ತಿತ್ತು. ಇದು ನಮ್ಮ ಮ್ಯಾನೇಜರಿಗೆ ಚೆನ್ನಾಗಿ ಗೊತ್ತಿತ್ತು.

ಮ್ಯಾನೇಜರ್ ಎಂದರೆ ಓನರ್ ಹೆಂಡತಿಯ ತಮ್ಮ. ಬೇರೆ ಯಾವ ಯೋಗ್ಯತೆಯೂ ಇರಲಿಲ್ಲ ಎಂದು ಬರೆಯಲು ನನಗೆ ಯಾವ ಸಂಕೋಚವೂ ಇಲ್ಲ. ಒಂದು ಲೇಬಲ್ ಸೊಟ್ಟಗಾದರೆ ಅದರ ಫೋಟೋ ತೆಗೆದು, ನನ್ನ ಹೆಸರು ಹಾಕಿ, ಕಂಪನಿಯ ವಾಟ್ಸಾಪ್ ಗ್ರೂಪಿಗೆ ಬಿಡುತ್ತಿದ್ದ. ಕೆಳಗೆ, "ಗಂಡನ ಹತ್ರಾನೇ ಬಾಳಕ್ಕಾಗ್ದೋರು ಕಂಪ್ನೀಲಿ ಏನು ಬಾಳ್ತಾರೆ." ಉಳಿದವರು ಹೆದರಿಕೊಂಡು ಹೆಬ್ಬೆಟ್ಟಿನ ಗುರುತು ಒತ್ತುತ್ತಿದ್ದರು. ಜೊತೆಯಲ್ಲಿ ಕೂತು ಉಪ್ಪಿನಕಾಯಿ ಹಂಚಿಕೊಂಡು ತಿಂದವರೇ. ರೋಸ್ಟರ್ ಅಣ್ಣನದು ಬಟನ್ ಫೋನು. ಅದನ್ನೆಲ್ಲ ಅವರು ನೋಡುತ್ತಿರಲಿಲ್ಲ, ಆದರೆ ನನ್ನ ಮುಖ ನೋಡುತ್ತಿದ್ದರು.

ನಮ್ಮಲ್ಲೊಂದು ಕಟ್ಟುನಿಟ್ಟಿನ ನಿಯಮವಿತ್ತು. ಡ್ರಮ್ಮಿಗೆ ಬೀಜ ಬಿದ್ದ ಮೇಲೆ ಆ ಕೋಣೆಯಲ್ಲಿ ಯಾರೂ ಮಾತಾಡಬಾರದು. ಸಿಡಿಯುವ ಸದ್ದು ಅವರಿಗೆ ಕೇಳಬೇಕು. ಓನರ್ ಬಂದರೂ ಬಾಯಿ ಮುಚ್ಚಿಕೊಂಡೇ ನಿಲ್ಲುತ್ತಿದ್ದರು. ಈ ನಿಯಮವನ್ನು ರೋಸ್ಟರ್ ಅಣ್ಣ ನನಗಾಗಿ ಬಳಸತೊಡಗಿದರು. ಮ್ಯಾನೇಜರ್ ನನ್ನನ್ನು ಹುಡುಕಿಕೊಂಡು ಬರುವುದು ಕಂಡರೆ ಸಾಕು, "ಬಾರವ್ವ ಇಲ್ಲಿ, ಬೀಜ ಹಾಕ್ತಿವ್ನಿ, ತಟ್ಟೆ ಹಿಡ್ಕೊ" ಎಂದು ಕರೆಯುತ್ತಿದ್ದರು. ನಾನು ತಟ್ಟೆ ಹಿಡಿದು ಡ್ರಮ್ಮಿನ ಪಕ್ಕ ನಿಲ್ಲುತ್ತಿದ್ದೆ. ಅವನು ಬಾಗಿಲಲ್ಲಿ ಹಲ್ಲು ಕಡಿಯುತ್ತ ನಿಂತು, ಸಾಕಾಗಿ ಹೋಗುತ್ತಿದ್ದ.

"ಕಾಲು ಗಂಟೇಲಿ ಅರ್ಧ ಸಿಟ್ಟು ಇಳೀತೈತೆ ಕಣವ್ವ. ಉಳಿದರ್ಧಕ್ಕೆ ಇನ್ನೊಂದು ಡ್ರಮ್ ಹಾಕಣ ಬಿಡು" ಎನ್ನುತ್ತಿದ್ದರು ಅಣ್ಣ. ಎಷ್ಟೋ ದಿನ ನನ್ನ ಸಲುವಾಗಿ ಅವರು ಎರಡೆರಡು ಡ್ರಮ್ ಜಾಸ್ತಿ ಹುರಿದಿದ್ದಾರೆ.

ಒಂದು ದಿನ ಹಾಸನಕ್ಕೆ ಹೋದ ಪ್ಯಾಕೆಟ್ಟುಗಳ ಮೇಲೆ ತಾರೀಖು ತಪ್ಪಾಗಿತ್ತು. ತಾರೀಖು ಕೊಟ್ಟವನು ಮ್ಯಾನೇಜರೇ. ಅಂಗಡಿಯವರು ಫೋನ್ ಮಾಡಿದ ಕೂಡಲೇ ಹಾರಾಡಿಕೊಂಡು ಬಂದ. ನಾನು ಡ್ರಮ್ಮಿನ ಪಕ್ಕದಲ್ಲಿದ್ದೆ. ಅವತ್ತು ಅವನು ಬಾಗಿಲಲ್ಲಿ ನಿಲ್ಲಲಿಲ್ಲ. ಒಳಗೆ ನುಗ್ಗಿ, ನನ್ನ ಮುಖಕ್ಕೆ ಫೋನ್ ಹಿಡಿದು, ಡ್ರಮ್ಮಿನ ಹಿಡಿಗೆ ಅಡ್ಡಲಾಗಿ ನಿಂತು ಕಿರುಚತೊಡಗಿದ.

"ಸಾರ್, ಸೀಯ್ತೈತೆ, ಜರುಗಿ" ಎಂದರು ಅಣ್ಣ.

ಅವನು ಕೇಳಲಿಲ್ಲ.

"ಸೀದೋಗ್ತೈತೆ, ಜರುಗಿ ಸಾರ್!"

"ಸುಮ್ನಿರೋ ಮುದ್ಕ" ಎಂದು ಅವರ ಎದೆಗೆ ಕೈಹಾಕಿ ಹಿಂದಕ್ಕೆ ತಳ್ಳಿದ. ಅವನ ಅಪ್ಪನ ವಯಸ್ಸಿನ ಮನುಷ್ಯ ಅವರು. ಕೊನೆಗೆ ಹಿಡಿ ಎಳೆದಾಗ ಇದ್ದಿಲಿನಂಥ ಬೀಜ ಸುರಿಯಿತು, ಶೆಡ್ಡೆಲ್ಲ ಹೊಗೆಯಾಯಿತು.

ಹೊಗೆ ಕಂಡು ಓನರ್ ಓಡಿ ಬಂದರು. ಅದು ಹೊಸ ಗಿರಾಕಿಗೆಂದು ಅವರು ಎತ್ತಿಟ್ಟಿದ್ದ ಒಳ್ಳೆಯ ಬೀಜ. ಮ್ಯಾನೇಜರಿಗೆ ನಾಚಿಕೆಯಿದ್ದರೆ ತಾನೆ? "ನಾನಿಲ್ಲೇ ನಿಂತಿದ್ದೆ ಭಾವ. ಸೀಯ್ತೈತೆ ಅಂತ ಒಂದ್ ಮಾತು ಹೇಳ್ಲಿಲ್ಲ. ಹೇಳಿದ್ರೆ ನಾನು ಜರುಗ್ತಿರ್ಲಿಲ್ವಾ? ಇವನ ಮೂಗು ಸತ್ತೋಗೈತೆ" ಎಂದ.

"ಹೇಳ್ದೆ ಸಾರ್. ಎರಡು ಸಲ ಹೇಳ್ದೆ" ಎಂದರು ಅಣ್ಣ.

ಓನರ್ ನನ್ನ ಕಡೆ ತಿರುಗಿದರು. "ನೀನಿದ್ದೆಯಲ್ಲಮ್ಮ, ಇವರು ಹೇಳಿದ್ರಾ?"

ಮ್ಯಾನೇಜರ್ ನನ್ನನ್ನೇ ನೋಡುತ್ತಿದ್ದ. ನನಗೆ ಕಂಡದ್ದು ಮಗಳ ಪುಸ್ತಕಗಳಿದ್ದ ಆ ಕೋಣೆ. "ಇಲ್ಲ ಸಾರ್, ಏನೂ ಹೇಳ್ಲಿಲ್ಲ" ಎಂದುಬಿಟ್ಟೆ. ನನ್ನ ನಾಲಿಗೆ ಬಿದ್ದುಹೋಗಬೇಕಿತ್ತು, ಬೀಳಲಿಲ್ಲ.

ಅಣ್ಣ ನನ್ನ ಮುಖವನ್ನು ತುಂಬ ಹೊತ್ತು ನೋಡಿದರು. ಆಮೇಲೆ ನಿಧಾನವಾಗಿ, "ಹಂಗಾದ್ರೆ ಹೇಳ್ಲಿಲ್ವೇನೋ ಸಾರ್" ಎಂದರು.

"ವಯಸ್ಸಾಯ್ತು, ಮನೇಲಿ ರೆಸ್ಟ್ ತಗೊಳ್ಳಿ" ಎಂದರು ಓನರ್. ಅಷ್ಟೇ. ಅಣ್ಣ ಚಮಚ ಒರೆಸಿಟ್ಟು ಟವಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. ನನ್ನ ಪಕ್ಕ ಹಾದು ಹೋಗುವಾಗ, "ಊಟ ಮಾಡವ್ವ, ಡಬ್ಬಿ ಹಂಗೇ ಐತೆ" ಎಂದರು.

ಅವತ್ತು ಸಂಜೆ ಮ್ಯಾನೇಜರ್ ಗ್ರೂಪಿನಲ್ಲಿ ನನ್ನ ಹೆಸರು ಹಾಕಿ "ಗುಡ್ ವರ್ಕ್" ಎಂದು ಬರೆದ. ನಾನು ಕೈಮುಗಿಯುವ ಚಿತ್ರ ಹಾಕಿದೆ. ಆಮೇಲೆ ಅವನು ನನ್ನ ತಂಟೆಗೆ ಬರುವುದನ್ನು ಬಿಟ್ಟು ಜರಡಿ ಹಿಡಿಯುವ ಹೆಂಗಸಿಗೆ ಗಂಟುಬಿದ್ದ. ಅವಳ ಫೋಟೋಗಳ ಕೆಳಗೆ ನಾನೂ ಹೆಬ್ಬೆಟ್ಟು ಒತ್ತಿದ್ದೇನೆ. ಬರೆಯುವಾಗ ಅಸಹ್ಯವಾಗುತ್ತದೆ, ಒತ್ತುವಾಗ ಆಗಲಿಲ್ಲ.

ನನ್ನನ್ನು ಉಳಿಸಲೆಂದೇ ಅಣ್ಣ ತಪ್ಪು ಒಪ್ಪಿಕೊಂಡರು, ಅಷ್ಟು ದೊಡ್ಡ ಮನಸ್ಸು ಅವರದು ಎಂದು ನಾನು ನಂಬಿಕೊಂಡೆ. ಹಾಗೆ ನಂಬಿದರೆ ನಿದ್ದೆ ಬರುತ್ತಿತ್ತು. ಎರಡು ವರ್ಷ ಅವರ ಮನೆ ಕಡೆ ತಲೆಹಾಕಲಿಲ್ಲ. ಒಮ್ಮೆ ಆಲೂರು ಬಸ್‌ಸ್ಟ್ಯಾಂಡಿನಲ್ಲಿ ಅವರು ಕಂಡರು. ನಾನು ಬಸ್ಸಿನ ಹಿಂದೆ ಸರಿದು ನಿಂತೆ.

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂತು. ತಿಥಿ ಕಳೆದ ಮಾರನೆಯ ದಿನ ಕೆ. ಹೊಸಕೋಟೆಯ ಅವರ ಮನೆಗೆ ಹೋದೆ. ಅವರ ಹೆಂಡತಿ ನನ್ನನ್ನು ಜಗಲಿಯಲ್ಲಿ ಕೂರಿಸಿಕೊಂಡು, "ಲೇಬಲ್ ಅಂಟಿಸೋ ಮಗ ನೀನೇನವ್ವ? ನಿನ್ ಸುದ್ದಿ ಬಾಳ ಹೇಳೋರು" ಎಂದರು.

"ಏನ್ ಹೇಳೋರು?"

"'ನಾನು ಎರಡು ಸಲ ಹೇಳ್ದಂಗೆ ನೆಪ್ಪೈತೆ, ಆದ್ರೆ ಆ ಮಗ ಇಲ್ಲ ಅಂತು, ಅದು ಸುಳ್ಳು ಹೇಳೋ ಪೈಕಿ ಅಲ್ಲ ಕಣೆ, ನನ್ ತಲೇನೇ ಕೆಟ್ಟೈತೆ' ಅನ್ನೋರು. ದಿನಾ ಬೆಳಿಗ್ಗೆ ಪುಡಿ ಡಬ್ಬಿ ಮೂಸಿ, ನನ್ ಮೂಗಿಗೂ ಹಿಡ್ದು, 'ವಾಸ್ನೆ ಬತ್ತೈತೆ ಅಲ್ವಾ, ನಿಂಗೂ ಬಂತು ಅಲ್ವಾ' ಅಂತ ಕೇಳೋರು. ಬೇರೆ ಕಡೆ ಕೆಲ್ಸಕ್ಕೆ ಕರೆದ್ರೂ ಹೋಗ್ಲಿಲ್ಲ. 'ಇನ್ನೊಬ್ಬರ ಬೀಜ ಯಾಕೆ ಸೀಸಲಿ' ಅಂದ್ರು."

ಅಂದರೆ ಅವರು ನನ್ನನ್ನು ಉಳಿಸಿರಲಿಲ್ಲ. ನನ್ನ ಮಾತನ್ನು ನಂಬಿದ್ದರು.

"ಅಮ್ಮ, ಅವರು ಹೇಳಿದ್ರು. ಎರಡು ಸಲಾನೂ ಹೇಳಿದ್ರು. ಸುಳ್ಳು ಹೇಳಿದ್ದು ನಾನು" ಎಂದೆ.

ಬೈಯುತ್ತಾರೆ ಎಂದುಕೊಂಡೆ. ಬೈಯಲೆಂದೇ ಕಾದೆ. ಆ ತಾಯಿ ಬೈಯಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡರು, ಆಮೇಲೆ ರಸ್ತೆಯ ಕಡೆ ನೋಡುತ್ತ ಕೇಳಿದರು:

"ಆಲೂರಿಂದ ಇಲ್ಲಿಗೆ ದಿನಾ ಬಸ್ ಬತ್ತಿತ್ತಲ್ಲವ್ವ?"