ಸುಸ್ಸಪ್ಪ ಮೇಸ್ತ್ರಿ
ನಮ್ಮ ನೂಲಿನ ಗಿರಣಿಯ ಉಗಿ ಎಂಜಿನ್ ನೋಡಿಕೊಳ್ಳುವ ಮೇಸ್ತ್ರಿಗೆ ‘ಸುಸ್ಸಪ್ಪ’ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಇಟ್ಟವರೇನೂ ಸುಳ್ಳು ಹೇಳಲಿಲ್ಲ. ಪಿಸ್ಟನ್ ಸುತ್ತಲಿನ ಸಂದಿಯಲ್ಲಿ ಉಗಿ ‘ಸುಸ್’ ಎಂದರೆ ಸಾಕು, ಅವನ ಜೀವ ಬಾಯಿಗೆ ಬರುತ್ತದೆ. ಮರದ ಕೋಲಿನ ಒಂದು ತುದಿಯನ್ನು ಸಿಲಿಂಡರಿಗೂ ಇನ್ನೊಂದನ್ನು ಕಿವಿಗೂ ಒತ್ತಿ, ತಲೆ ವಾಲಿಸಿ ನಿಂತುಬಿಡುತ್ತಾನೆ. ಆ ಸಂದಿ ಮುಚ್ಚಲು ಮೊದಲು ಸೆಣಬಿನ ಹಗ್ಗವನ್ನು ಕೊಬ್ಬಿನಲ್ಲಿ ನೆನೆಸಿ ಪಿಸ್ಟನ್ನಿಗೆ ಸುತ್ತುತ್ತಿದ್ದ, ಅದು ಕರಕಲಾಗುತ್ತಿತ್ತು. ಚರ್ಮ ಹಾಕಿದ, ಬಿಸಿಗೆ ಮುರುಟಿಕೊಂಡಿತು. ಈಗ ಒಂದು ಕಡೆ ಸೀಳಿದ ಕಬ್ಬಿಣದ ಬಳೆ ಮಾಡಿಕೊಂಡು, ಅದು ತಾನಾಗಿ ಅರಳಿ ಸಿಲಿಂಡರಿನ ಗೋಡೆಗೆ ಒತ್ತಿ ನಿಲ್ಲಲೆಂದು ಅರದಿಂದ ಉಜ್ಜುತ್ತಲೇ ಇರುತ್ತಾನೆ. ಬಿಗಿಯಾದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ, ಸಡಿಲವಾದರೆ ಉಗಿ ಸೋರುತ್ತದೆ. ಇವೆರಡರ ನಡುವೆ ಅವನ ಚಹಾ ಆರಿಹೋಗುತ್ತದೆ. “ಚೆನ್ನಾಗೇ ಓಡ್ತಿದೆಯಲ್ಲ ಮೇಸ್ತ್ರಿ” ಎಂದರೆ, “ಅದೇ ಭಯ ಸ್ವಾಮಿ, ಎಲ್ಲಿ ಸೋರ್ತಿದೆ ಅಂತಾನೇ ಗೊತ್ತಾಗ್ತಿಲ್ಲ” ಎನ್ನುತ್ತಾನೆ. ಮನೆಯಲ್ಲೂ ಅದೇ ಗೋಳು. ಕಿಟಕಿಯ ಸಂದಿಗೆಲ್ಲ ಹಗ್ಗ ತುರುಕಿದ್ದಾನೆ. ಎಣ್ಣೆ ಶೀಸೆಯ ಮುಚ್ಚಳ ಅವನು ತಿರುಗಿಸಿದರೆ ಮುಗಿಯಿತು, ಅವನೇ ಬಂದು ತೆಗೆಯಬೇಕು. “ಇನ್ನು ನನ್ನ ಬಾಯೊಂದು ಬಾಕಿ ಇದೆ” ಎಂದು ಹೆಂಡತಿ ನಗುತ್ತಾಳೆ. ಆದರೆ ಮಧ್ಯಾಹ್ನ ಊಟಕ್ಕೆ ಹೋದವನು ಒಮ್ಮೆಗೇ ಒಳಗೆ ಕಾಲಿಡುವುದಿಲ್ಲ. ಹೊಸ್ತಿಲ ಹೊರಗೆ, ಎಂಜಿನ್ ಪಕ್ಕ ನಿಲ್ಲುವ ಹಾಗೆಯೇ ತಲೆ ವಾಲಿಸಿ ನಿಲ್ಲುತ್ತಾನೆ. ಕೈಯಲ್ಲಿ ಕೋಲಿಲ್ಲ, ಅಷ್ಟೇ. ಒಳಕೋಣೆಯಲ್ಲಿ ಉಬ್ಬಸದ ಮುದಿ ತಾಯಿ ಮಲಗಿದ್ದಾಳೆ. ಅವಳ ಎದೆಯಿಂದ ‘ಸುಸ್’ ಎಂಬ ಸದ್ದು ಕೇಳಿಸಿದ ಮೇಲೆಯೇ ಅವನು ಚಪ್ಪಲಿ ಬಿಡುವುದು.